ಆ 48 ಕಿಲೋಮೀಟರ್

ಹೆಸರು ಹಾಕಬೇಡಿ ಎಂದು ಬರೆದಿರುವ ಓದುಗರಿಗೆ,

ನಿಮ್ಮ ಪತ್ರದ ಸಾರ ಇಷ್ಟು. ಪತಿ ವಾರಕ್ಕೊಮ್ಮೆ ಕೆಲಸದ ಮೇಲೆ 160 ಕಿ.ಮೀ. ದೂರದ ಊರಿಗೆ ಕಾರಿನಲ್ಲಿ ಹೋಗಿ, ಒಂದು ರಾತ್ರಿ ಉಳಿದು ಬರುತ್ತಾರೆ. ನಿಮಗೆ ಅನುಮಾನ. ಮೂರು ವಾರ ಮೀಟರ್ ಬರೆದಿಟ್ಟುಕೊಂಡಿದ್ದೀರಿ: 334, 329, 368. ಫೋನಿನ ಲೊಕೇಶನ್ ಒಮ್ಮೆ ಅವರು ಉಳಿಯುವ ಜಾಗದಿಂದ 400 ಮೀಟರ್ ಆಚೆ ತೋರಿಸಿದೆ. ಮುಂದಿನ ವಾರ ತಮ್ಮನ ಕಾರು ತೆಗೆದುಕೊಂಡು, ಅತ್ತೆಯನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು, ‘ಅಪ್ಪನಿಗೆ ಸರ್‌ಪ್ರೈಸ್’ ಎಂದು ಹೇಳಿ ರಾತ್ರಿ 10ಕ್ಕೆ ಹೊರಡುವವರಿದ್ದೀರಿ. ಸಿದ್ಧತೆ ಏನೇನು ಬೇಕು ಎಂದು ಕೇಳಿದ್ದೀರಿ.

ಮೊದಲು ಲೆಕ್ಕ. ಹೋಗಿಬರುವ ದೂರ 320. ನಿಮ್ಮ ಕಾರಿನ ಟೈರುಗಳು ಸವೆದಿವೆ ಎಂದು ನೀವೇ ಬರೆದಿದ್ದೀರಿ. ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದರ ಮೇಲೆ ಮೀಟರ್ ಓಡುತ್ತದೆ. ಚಕ್ರದ ಮಧ್ಯದಿಂದ ಅಂಚಿಗೆ 300 ಮಿ.ಮೀ. ಇದ್ದು, ಅದರಲ್ಲಿ 6 ಮಿ.ಮೀ. ಸವೆದಿದ್ದರೆ ಅದೇ ದಾರಿಗೆ ಶೇ 2ರಷ್ಟು ಹೆಚ್ಚು ಸುತ್ತು ಬೇಕು. ಅಂದರೆ 320 ಓಡಿದ ಕಾರು 326 ತೋರಿಸುತ್ತದೆ. ಊಟಕ್ಕೆ, ಪೆಟ್ರೋಲಿಗೆ, ಪಾರ್ಕಿಂಗ್ ಹುಡುಕಲು ಏಳೆಂಟು ಕಿ.ಮೀ. ತನಕ ಸೇರಿಸಿ. 329 ಮತ್ತು 334ರಲ್ಲಿ ಏನೂ ಇಲ್ಲ, ಆ ಎರಡನ್ನೂ ಹೊಡೆದುಹಾಕಿ. 368 ಹಾಗಲ್ಲ. ಆ 48 ಕಿ.ಮೀ. ಟೈರಿನ ತಲೆಗೆ ಕಟ್ಟುವಂಥದ್ದಲ್ಲ. ರಸ್ತೆ ಬಂದಾಗಿ ಸುತ್ತಿ ಬಂದಿರಬಹುದು, ಸಹೋದ್ಯೋಗಿಯನ್ನು ಎಲ್ಲೋ ಬಿಟ್ಟು ಬಂದಿರಬಹುದು, ನೀವು ಅಂದುಕೊಂಡಿದ್ದೂ ಇರಬಹುದು. ಕೇಳಬೇಕಾದ ಪ್ರಶ್ನೆ ಅದೊಂದೇ.

ಲೊಕೇಶನ್ ಚುಕ್ಕೆಯನ್ನು ನಾವು ಅಷ್ಟಾಗಿ ನಂಬುವುದಿಲ್ಲ. ಬಯಲಿನಲ್ಲಿ ಫೋನಿನ ಜಿಪಿಎಸ್ ಐದಾರು ಮೀಟರಿನ ಒಳಗೆ ಜಾಗ ಹಿಡಿಯುತ್ತದೆ. ಕಟ್ಟಡದೊಳಗೆ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗದೆ ವೈಫೈ, ಮೊಬೈಲ್ ಟವರ್ ನೋಡಿ ಅಂದಾಜು ಮಾಡುತ್ತದೆ. ಟವರ್ ಒಂದನ್ನೇ ನಂಬಿದಾಗ ನೂರಾರು ಮೀಟರ್ ತಪ್ಪುವುದು ಮಾಮೂಲು. ಚುಕ್ಕೆಯ ಸುತ್ತ ತೆಳು ಬಣ್ಣದ ವೃತ್ತ ಕಂಡರೆ, ಫೋನ್ ಅದರೊಳಗೆ ಎಲ್ಲಿ ಬೇಕಾದರೂ ಇರಬಹುದು ಎಂದರ್ಥ. ಎಷ್ಟು ಹೊತ್ತಿನ ಹಿಂದಿನ ಲೊಕೇಶನ್ ಎಂಬುದನ್ನೂ ನೋಡಿ. ಫೋನ್ ಆಫ್ ಆಗಿದ್ದರೆ ಕೊನೆಗೆ ಇದ್ದ ಜಾಗವೇ ಅಂಟಿಕೊಂಡಿರುತ್ತದೆ. ಹಾಗೆಂದು ಅವರ ಫೋನಿಗೆ ಕದ್ದುನೋಡುವ ಆ್ಯಪ್ ಹಾಕಲು ಹೋಗಬೇಡಿ. ಹಲವು ದೇಶಗಳಲ್ಲಿ ಅದು ಅಪರಾಧ, ಕೇಸು ನಿಮ್ಮ ಮೇಲೆಯೇ ಬೀಳುತ್ತದೆ.

ಇನ್ನು ಟ್ರಿಪ್. ಬೆಳಗ್ಗೆ 5ಕ್ಕೆ ಏಳುವವರು ನೀವು. ರಾತ್ರಿ 10ಕ್ಕೆ ಸ್ಟಿಯರಿಂಗ್ ಹಿಡಿಯುವಾಗಲೇ ಎದ್ದು 17 ಗಂಟೆ ಆಗಿರುತ್ತದೆ. ಅಷ್ಟು ಹೊತ್ತು ನಿದ್ದೆಯಿಲ್ಲದವರ ಕೈಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟೇ ಕುಂದಿರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡದ್ದು. ಕೋಪ ಇದ್ದರೆ ನಿದ್ದೆ ಬರುವುದಿಲ್ಲ ಅಂದುಕೊಳ್ಳಬೇಡಿ. ಬರುತ್ತದೆ, ಅದೂ ನೇರವಾದ ಖಾಲಿ ರಸ್ತೆಯಲ್ಲಿ. 80ರ ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು ಸುಮಾರು 67 ಮೀಟರ್ ತಾನೇ ಹೋಗಿರುತ್ತದೆ.

ರಾತ್ರಿ ಒಂದು ಗಂಟೆಗೆ ತಲುಪಿದಿರಿ ಎನ್ನೋಣ. ಬಾಗಿಲು ತಟ್ಟುವಾಗ ಮಕ್ಕಳು ಎಲ್ಲಿ? ಕಾರಿನಲ್ಲೇ ಬಿಡುವಂತಿಲ್ಲ, ಜೊತೆಗೆ ಕರೆದೊಯ್ಯುವಂತೆಯೂ ಇಲ್ಲ. ಪತಿ ಒಬ್ಬರೇ ಮಲಗಿದ್ದರೆ, ಯಾಕೆ ಬಂದಿರಿ ಎಂಬುದಕ್ಕೆ ಅತ್ತೆಯ ಎದುರಿಗೇ ಉತ್ತರ ಕೊಡಬೇಕು. ಕೋಣೆಗೆ ಬೀಗ ಇದ್ದರೆ ಏನೂ ಸಾಬೀತಾಗುವುದಿಲ್ಲ. ಇನ್ನೊಬ್ಬರು ಇದ್ದರೆ, ಹನ್ನೊಂದು ವರ್ಷದ ಮಗಳು ಅದನ್ನು ನೋಡಿರುತ್ತಾಳೆ, ಸರ್‌ಪ್ರೈಸ್ ಎಂದು ಕರೆತಂದವರು ಯಾರು ಎಂಬುದನ್ನೂ ನೆನಪಿಟ್ಟುಕೊಳ್ಳುತ್ತಾಳೆ. ಮೂರರಲ್ಲಿ ಏನೇ ಆದರೂ ವಾಪಸ್ 160 ಕಿ.ಮೀ. ಬಾಕಿ ಇರುತ್ತದೆ. (ಆರು ವರ್ಷದ ಮಗ ದಾರಿಯಲ್ಲೇ ಅಪ್ಪನಿಗೆ ಫೋನ್ ಹಚ್ಚಿ ಎಲ್ಲ ಹೇಳಿಬಿಡುವ ಸಾಧ್ಯತೆಯೇ ಹೆಚ್ಚು.) ಅತ್ತೆಯನ್ನು ಸಾಕ್ಷಿಗೆ ಕರೆಯುವುದಂತೂ ಬೇಡವೇ ಬೇಡ. ಆ ಬಾಗಿಲ ಮುಂದೆ ಅವರು ನಿಮ್ಮ ಸಾಕ್ಷಿಯಾಗಿ ನಿಲ್ಲುವುದಿಲ್ಲ, ನಿಮ್ಮ ಪತಿಯ ತಾಯಿಯಾಗಿ ನಿಲ್ಲುತ್ತಾರೆ.

ನಾವು ಹೇಳುವುದು, ಮನೆಯಲ್ಲೇ ಕೇಳಿ. ಮಕ್ಕಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಕೂತು, ಒಂದೇ ಮಾತು: ‘ಹೋದ ವಾರ ಗಾಡಿ 368 ಓಡಿದೆ. ಎಲ್ಲಿಗೆ ಹೋಗಿದ್ದಿರಿ?’ ಅಷ್ಟು ಕೇಳಿ ಸುಮ್ಮನಿರಿ. ಚುಕ್ಕೆ, ಹಳೆಯ ಜಗಳ ಯಾವುದನ್ನೂ ಅದಕ್ಕೆ ಪೋಣಿಸಬೇಡಿ. ಹತ್ತು ಪ್ರಶ್ನೆ ಒಟ್ಟಿಗೆ ಎಸೆದರೆ ಅವರು ಸುಲಭದ್ದನ್ನು ಆರಿಸಿ ಉತ್ತರಿಸುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಬೆದರಿಸಿದರೆ, ಒಂದು ತಪ್ಪಿದರೂ ನಿಮ್ಮ 48 ಕೂಡ ಸುಳ್ಳಾಗುತ್ತದೆ. ಹಿಂದೆ ಎಂದಾದರೂ ನಿಮ್ಮ ಮೇಲೆ ಕೈ ಎತ್ತಿದ್ದರೆ ಮಾತ್ರ ಒಂಟಿಯಾಗಿ ಕೇಳಬೇಡಿ, ನಿಮ್ಮ ಕಡೆಯವರು ಒಬ್ಬರು ಪಕ್ಕದ ಕೋಣೆಯಲ್ಲಾದರೂ ಇರಲಿ.

ಉತ್ತರ ಕೇಳಿಯೂ ಹೋಗಿ ನೋಡಲೇಬೇಕೆನಿಸಿದರೆ, ಹಗಲು ಹೊತ್ತು ಹೊರಡಿ. ಮಕ್ಕಳು ಅತ್ತೆಯ ಬಳಿ ಮನೆಯಲ್ಲಿರಲಿ. ಕಾರನ್ನು ನಿಮ್ಮ ತಮ್ಮ ಓಡಿಸಲಿ, ನೀವು ಪಕ್ಕದಲ್ಲಿ ಕೂರಿ. ಎರಡು ಗಂಟೆಗೊಮ್ಮೆ ಕಾಲು ಗಂಟೆ ನಿಲ್ಲಿಸಿ ಇಳಿದು ಓಡಾಡಿ. ಆ ರಾತ್ರಿ ಉಳಿಯಲು ಬೇರೆ ಕೋಣೆ ಮೊದಲೇ ಹಿಡಿದಿಡಿ, ಏಕೆಂದರೆ ಏನೇ ಕಂಡರೂ ಆ ಮನಸ್ಥಿತಿಯಲ್ಲಿ ಅಂದೇ ಹಿಂದಿರುಗುವಂತಾಗಬಾರದು. ಪತಿಯೊಂದಿಗೆ ಮಾತು ಶುರುವಾದರೂ ಓಡುವ ಕಾರಿನಲ್ಲಿ ಬೇಡ.

ಹಾಂ, ಟೈರು. ಟೈರಿನ ಮೇಲ್ಮೈಯ ಉಬ್ಬು ಸಾಲುಗಳ ನಡುವಿನ ಕಾಲುವೆಯಲ್ಲಿ ಅಡ್ಡಲಾಗಿ ಚಿಕ್ಕ ರಬ್ಬರ್ ದಿಂಡುಗಳಿರುತ್ತವೆ, ಎತ್ತರ 1.6 ಮಿ.ಮೀ. ಟೈರು ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ, ಮುಂದಿನ ವಾರ ಆ ಕಾರನ್ನು ಓಡಿಸುವವರು ಯಾರೇ ಆಗಿರಲಿ, ಬದಲಿಸಿಯೇ ಹೊರಡಲಿ.

— ಸಂ.