‘ದೇವರ ಚಿತ್ತ ತಿಳಿಯುವ ಏಳು ಹೆಜ್ಜೆಗಳು’ ಕಳುಹಿಸಿದ ಸಹೋದರಿಗೆ

ಪ್ರಿಯ ಸಹೋದರಿಯವರಿಗೆ ವಂದನೆಗಳು.

ನಿಮ್ಮ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಅದರ ನಾಲ್ಕನೆಯ ಪುಟದಲ್ಲಿರುವ ಒಂದು ಪ್ಯಾರಾವನ್ನು ಕೈಬಿಡಲೂ ಮನಸ್ಸಾಗುತ್ತಿಲ್ಲ. ಅದಕ್ಕಾಗಿಯೇ ಈ ಪತ್ರ.

ಪ್ರಾರ್ಥಿಸಿ, ದೇವರ ವಾಕ್ಯ ಓದಿ, ಹಿರಿಯರನ್ನು ಕೇಳಿ, ಕಾದಿರಿ ಎಂಬ ನಿಮ್ಮ ಹೆಜ್ಜೆಗಳಲ್ಲಿ ತಪ್ಪೇನೂ ಇಲ್ಲ. ಬೈಬಲಿನ ಜ್ಞಾನೋಕ್ತಿಗಳ ಮೂರನೆಯ ಅಧ್ಯಾಯ, ಯಾಕೋಬನ ಪತ್ರಿಕೆಯ ಮೊದಲನೆಯದು, ಎಲ್ಲವೂ ಇರಬೇಕಾದಲ್ಲೇ ಇವೆ. ನಮ್ಮ ಓದುಗರು ಇವನ್ನು ಭಾನುವಾರದ ಪ್ರಸಂಗಗಳಲ್ಲಿ ಕೇಳುತ್ತಲೇ ಬೆಳೆದವರು. ಇಷ್ಟೆಲ್ಲ ಮಾಡಿಯೂ ಉತ್ತರ ಬಾರದೆ, ನಾಳೆ ಬೆಳಿಗ್ಗೆ ಸಹಿ ಹಾಕಲೇಬೇಕಾಗಿ ಬಂದಾಗ ಏನು ಮಾಡುವುದು ಎಂಬುದು ಅವರ ಪ್ರಶ್ನೆ. ಅದನ್ನು ನಿಮ್ಮ ಲೇಖನ ಮುಟ್ಟುವುದು ಆ ಒಂದು ಪ್ಯಾರಾದಲ್ಲಿ ಮಾತ್ರ.

ಗಲ್ಫ್ ದೇಶದ ಆಸ್ಪತ್ರೆಯೊಂದರಿಂದ ನರ್ಸ್ ಕೆಲಸಕ್ಕೆ ಕರೆ ಬಂದಿದೆ. ಮಂಡ್ಯದ ಹತ್ತಿರ ನಿಮ್ಮ ತಂದೆಯ ಗದ್ದೆಯಲ್ಲಿ ಕೂಳೆ ಕಬ್ಬು ಕಟಾವಿನ ಆದೇಶಕ್ಕಾಗಿ ಕಾಯುತ್ತಾ ಒಣಗುತ್ತಿದೆ. ಮನೆಯಲ್ಲಿ ಜಗಳವಾದ ರಾತ್ರಿ ನೀವು ಕಣ್ಣು ಮುಚ್ಚಿ ಬೈಬಲ್ ತೆರೆಯುತ್ತೀರಿ. ತಾಯಿಯ ಒಡವೆ ಅಡವಿಟ್ಟ ಬ್ಯಾಂಕಿನ ರಸೀದಿ ಅದೇ ಪುಟದಲ್ಲಿದೆ. ಬೆರಳು ಬಿದ್ದದ್ದು, ಸ್ವದೇಶವನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ ಹೇಳಿದ ಮಾತಿನ ಮೇಲೆ. ‘ದೇವರು ಸ್ಪಷ್ಟವಾಗಿ ಮಾತನಾಡಿದರು’ ಎಂದು ಬರೆದು ನೀವು ಐದನೆಯ ಹೆಜ್ಜೆಗೆ ಹೋಗಿಬಿಡುತ್ತೀರಿ.

ಚೀಟಿ ಇಟ್ಟ ಕಡೆಯೇ ಪುಸ್ತಕ ತೆರೆದುಕೊಳ್ಳುತ್ತದೆ. ಇದು ಓದುಗರಿಗೆ ತಕ್ಷಣ ಹೊಳೆಯುತ್ತದೆ, ನಿಮಗೂ ಹೊಳೆದಿರಲೇಬೇಕು. ಆ ರಾತ್ರಿ ದೇವರು ನಿಮ್ಮನ್ನು ನಡೆಸಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ರಸೀದಿ, ಆ ಕಬ್ಬು, ತಂದೆಯ ಮೌನ, ಇವೆಲ್ಲವೂ ನಿಮ್ಮ ತೀರ್ಮಾನದೊಳಗೆ ಇದ್ದವು. ಅವನ್ನು ಬದಿಗೆ ಸರಿಸಿ ಇಡೀ ಭಾರವನ್ನು ಬೆರಳು ಬಿದ್ದ ಒಂದು ವಚನದ ಮೇಲೆ ಹೊರಿಸಿದ್ದೀರಿ. ಸಾಲದ ಲೆಕ್ಕ ಹಾಕಿದ್ದನ್ನು ಹೇಳಿಕೊಂಡರೆ ವಿಶ್ವಾಸ ಕಡಿಮೆಯೆಂದು ಜನ ತಿಳಿದಾರೆಂಬ ಅಂಜಿಕೆಯೇ? ಹಾಗಿದ್ದರೆ ಆ ಅಂಜಿಕೆಯನ್ನೂ ಬರೆಯಿರಿ. ನಮ್ಮ ಸಭೆಗಳಲ್ಲಿ ಎಷ್ಟೋ ಜನ ಅದನ್ನು ಬಾಯಿ ಬಿಟ್ಟು ಹೇಳಲಾರದೆ ಒದ್ದಾಡುತ್ತಿದ್ದಾರೆ.

ಗಿದ್ಯೋನನ ಉದಾಹರಣೆಯನ್ನು ತೆಗೆದುಬಿಡಿ, ಇಲ್ಲವೇ ನ್ಯಾಯಸ್ಥಾಪಕರು ಆರನೆಯ ಅಧ್ಯಾಯವನ್ನು ಮೊದಲಿನಿಂದ ಓದಿ. ಗುರುತು ಕೇಳಲೆಂದು ಉಣ್ಣೆಯ ತುಪ್ಪಟವನ್ನು ಕಣದಲ್ಲಿ ಹಾಸುವ ಮೊದಲೇ ಅವನಿಗೆ ದೇವರ ಅಪ್ಪಣೆಯಾಗಿತ್ತು. ‘ನೀನು ಹೇಳಿದಂತೆ’ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಎರಡನೆಯ ಸಲ ಗುರುತು ಕೇಳುವಾಗ ಸಿಟ್ಟಾಗಬೇಡ ಎಂದು ಬೇಡಿಕೊಳ್ಳುತ್ತಾನೆ. ದಾರಿ ಗೊತ್ತಿದ್ದೂ ಹೆದರಿದವನ ಕಥೆ ಅದು. ನಿಮ್ಮ ವಿಷಯಕ್ಕೆ ಹತ್ತಿರವಾದದ್ದು ಅಪೊಸ್ತಲರ ಕೃತ್ಯಗಳು 16. ಸುವಾರ್ತೆ ಸಾರಲು ಹೊರಟ ಪೌಲನಿಗೆ ಆಸ್ಯ ಸೀಮೆಯಲ್ಲಿ ತಡೆ, ಬಿಥೂನ್ಯದ ಕಡೆಗೂ ತಡೆ. ಕೊನೆಗೆ ತ್ರೋವ ಪಟ್ಟಣದಲ್ಲಿ ರಾತ್ರಿ ದರ್ಶನ. ಕನಸಿನಂಥ ಆ ದರ್ಶನ ಕಂಡವನು ಒಬ್ಬನೇ. ದೇವರು ಮಕೆದೋನ್ಯಕ್ಕೆ ಕರೆದಿದ್ದಾರೆಂದು ನಿಶ್ಚಯಿಸಿಕೊಂಡವರು ಮಾತ್ರ ‘ನಾವು’, ಅಂದರೆ ಜೊತೆಗಿದ್ದವರೆಲ್ಲರೂ. ನೀವು ಯಾರ ಜೊತೆ ಕುಳಿತು ನಿಶ್ಚಯಿಸಿದಿರಿ? ಪಾಸ್ಟರ್ ಏನೆಂದರು? ಲೇಖನದಲ್ಲಿ ಒಂದು ಮಾತೂ ಇಲ್ಲ.

ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯವನ್ನೂ ಎದುರಿಸಬೇಕು. ತಂದೆತಾಯಿಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ದೇವರಿಗೆ ಅರ್ಪಿತ, ಎಂದು ಹೇಳಿ ಜಾರಿಕೊಳ್ಳುವವರನ್ನು ಯೇಸುಸ್ವಾಮಿ ಗದರಿಸಿದ್ದಾರೆ. ಆ ಸಂಬಳದಿಂದ ಒಡವೆ ಬಿಡಿಸುವುದು ತಂದೆತಾಯಿಯ ಸೇವೆಯೇ ಆಗಬಹುದು. ಕಬ್ಬು ಕಟಾವಿನ ಹೊತ್ತಿಗೆ ಮನೆಯಲ್ಲಿ ಇಲ್ಲದಿರುವುದು ಅವರಿಗೆ ಪೆಟ್ಟೂ ಆಗಬಹುದು. ಈ ಎರಡರ ನಡುವೆ ನಿಂತ ನಿಮ್ಮನ್ನು ನನಗೆ ತೋರಿಸಿ.

ಜಗಳದ ರಾತ್ರಿಯ ಬಗ್ಗೆ ಇನ್ನೊಂದು ಮಾತು. ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲಾ 1548ರಲ್ಲಿ ಅಚ್ಚಾದ ತಮ್ಮ ಧ್ಯಾನದ ಕೈಪಿಡಿಯಲ್ಲಿ, ಮನಸ್ಸು ಬರಡಾಗಿ ಕಲಕಿರುವಾಗ ಹಿಂದಿನ ನಿರ್ಧಾರವನ್ನು ಬದಲಿಸಬೇಡಿ ಎಂದು ತಾಕೀತು ಮಾಡುತ್ತಾರೆ. ನಾವು ಪ್ರೊಟೆಸ್ಟೆಂಟರು ಎಂದು ಅದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಆ ರಾತ್ರಿಯ ಮನಸ್ಸು ಮರುದಿನ ಬೆಳಿಗ್ಗೆಯೂ ಹಾಗೆಯೇ ಇತ್ತೇ? ನನಗೆ ತಿಳಿಯಬೇಕಾಗಿದೆ.

ದೇವರ ಕರೆಗೆ ಓಗೊಟ್ಟವರೆಂದು ನೀವು ಹೆಸರಿಸಿದವರೆಲ್ಲರೂ ಹೊರದೇಶದವರು. ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ 1906ರಿಂದ ಇದೆ. ಅಲ್ಲಿ ದುಡಿದು ನಿವೃತ್ತರಾದ ಒಬ್ಬಿಬ್ಬರು ನರ್ಸ್‌ಗಳನ್ನು ಹುಡುಕಿ ಮಾತನಾಡಿಸಿ. ಹೊರಗೆ ಹೋಗುವ ಅವಕಾಶ ಬಂದಾಗ ಅವರು ಏನು ಯೋಚಿಸಿದರು, ಯಾರನ್ನು ಕೇಳಿದರು ಎಂದು ವಿಚಾರಿಸಿ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ, ಸಭೆಯಲ್ಲಿ ಹೇಳುವ ಸಾಕ್ಷಿಯ ರೂಪಕ್ಕೆ ತಿದ್ದಬೇಡಿ.

ಏಳು ಹೆಜ್ಜೆಗಳು ಬೇಡ. ಕರೆಪತ್ರ ಬಂದ ದಿನದಿಂದ ಒಪ್ಪಿಗೆ ಕಳುಹಿಸಿದ ದಿನದವರೆಗೆ ನಡೆದದ್ದನ್ನು ಸಾವಿರದ ಇನ್ನೂರು ಪದಗಳೊಳಗೆ ಬರೆಯಿರಿ. ಕಳುಹಿಸುವ ಮುನ್ನ ತಂದೆತಾಯಿಯವರಿಗೆ ಪೂರ್ತಿ ಓದಿ ಹೇಳಿ. ಒಡವೆಯ ವಿಷಯ ಅಚ್ಚಾಗುವುದಕ್ಕೆ ಅವರ ಒಪ್ಪಿಗೆ ಬೇಕು. ಅವರು ಬೇಡವೆಂದರೆ ಆ ಭಾಗವನ್ನು ಹೇಗೆ ಬರೆಯಬಹುದೆಂದು ಇಬ್ಬರೂ ಕುಳಿತು ನೋಡೋಣ.

ಇತಿ,
ಸಂಪಾದಕ, ಮೈಸೂರು