ಓದುಗರ ಪ್ರಶ್ನೆ: ಲಾಗ ಹಾಕುವ ಹುಡುಗಿಗೆ ಯಾವ ಜಡೆ?

ಮಕ್ಕಳ ಜಿಮ್ನಾಸ್ಟಿಕ್ಸ್ ಸ್ಪರ್ಧೆಗಳ ತಯಾರಿ ಬಗ್ಗೆ ಬಂದ ಪತ್ರಗಳಲ್ಲಿ ತಲೆ ಬಾಚುವುದನ್ನು ಕುರಿತ ಪ್ರಶ್ನೆಗಳೇ ಹೆಚ್ಚು. ಅವುಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ.

ಮಗಳಿಗೆ 8 ವರ್ಷ, ಕೂದಲು ಸೊಂಟದವರೆಗೆ ಇದೆ. ಮುಂದಿನ ತಿಂಗಳು ಮೊದಲ ಸ್ಪರ್ಧೆ. ಶಾಲೆಗೆ ಹಾಕುವ ಹಾಗೆ ಎರಡು ಜಡೆ ಮಡಿಚಿ ಕಟ್ಟಿ ಕಳಿಸಿದರೆ ಸಾಲದೇ? ಕೂದಲು ಕತ್ತರಿಸಿಬಿಡಿ ಅನ್ನುತ್ತಾರೆ ಕೆಲವರು.
— ಓದುಗರೊಬ್ಬರು, ದಾವಣಗೆರೆ

ಕತ್ತರಿ ಬೇಕಿಲ್ಲ. ಆದರೆ ಶಾಲೆಯ ಜಡೆಯೂ ಆಗುವುದಿಲ್ಲ. ಅದು ಶುರುವಾಗುವುದೇ ಕಿವಿಯ ಹಿಂದೆ. ಹಣೆಯಿಂದ ನೆತ್ತಿಯವರೆಗಿನ ಕೂದಲಿಗೆ ಯಾವ ಹಿಡಿತವೂ ಇರುವುದಿಲ್ಲ, ಎರಡು ಲಾಗ ಹಾಕುವಷ್ಟರಲ್ಲಿ ಅದು ಎದ್ದು ಕಣ್ಣಿಗೆ ಬರುತ್ತದೆ. ಮಡಿಕೆ ಬಿಚ್ಚಿ ಜಡೆ ಇಳಿಬಿದ್ದರೆ ತೊಂದರೆ ಬೇರೆ. ಬ್ಯಾಕ್ ವಾಕ್‌ಓವರ್‌ನಲ್ಲಿ ಹುಡುಗಿ ಹಿಂದಕ್ಕೆ ಬಾಗಿ ಅಂಗೈ ಊರುವಾಗ ಜಡೆಯೂ ಮ್ಯಾಟ್ ಮುಟ್ಟಬಹುದು. ಅಂಗೈ ಅದರ ಮೇಲೆಯೇ ಕೂರಬಹುದು. ಕಾಲು ದಾಟಿ ತಲೆ ಮೇಲೇಳಬೇಕಾದ ಕ್ಷಣದಲ್ಲಿ ಜಡೆ ಅವಳದೇ ಕೈಯಡಿ ಸಿಕ್ಕಿದ್ದರೆ ಕತ್ತು ಜಗ್ಗುತ್ತದೆ. ನೆಲದ ಮೇಲೆ ಇದು ನೋವಿನ ಮಾತು. ನೆಲದಿಂದ ಎತ್ತರದಲ್ಲಿರುವ 10 ಸೆಂಟಿಮೀಟರ್ ಅಗಲದ ತೊಲೆ, ಅಂದರೆ ಬೀಮ್ ಮೇಲೆ ಬೀಳುವ ಮಾತು.

ಈ ವಯಸ್ಸಿಗೆ, ಈ ಉದ್ದಕ್ಕೆ ಹೊಂದುವುದು ಎರಡು ಫ್ರೆಂಚ್ ಜಡೆ, ಅಂದರೆ ಹಣೆಯಿಂದಲೇ ಶುರುವಾಗಿ ದಾರಿಯುದ್ದಕ್ಕೂ ಕೂದಲು ಸೇರಿಸಿಕೊಳ್ಳುತ್ತಾ ಹೋಗುವ ಜಡೆ. ಹಿಂದಿನ ದಿನ ತಲೆಗೆ ನೀರು ಹಾಕಿ ಚೆನ್ನಾಗಿ ಒಣಗಿಸಿ. ಅದೇ ದಿನ ಬೆಳಿಗ್ಗೆ ತೊಳೆದ ಕೂದಲು ಬೆರಳಿಂದ ಜಾರುತ್ತದೆ, ಪಿನ್ನೂ ನಿಲ್ಲುವುದಿಲ್ಲ. ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಕೂದಲು ತೇವವಾಗುವಷ್ಟು ಮಾತ್ರ ನೀರು ಸಿಂಪಡಿಸಿ. ಹಣೆಯ ಮಧ್ಯದಿಂದ ಕತ್ತಿನವರೆಗೆ ನೇರ ಬೈತಲೆ ತೆಗೆದು ಒಂದು ಪಾಲನ್ನು ಕ್ಲಿಪ್ ಹಾಕಿ ಪಕ್ಕಕ್ಕಿಡಿ. ಇನ್ನೊಂದರಲ್ಲಿ ಹಣೆಯಂಚಿನ ಮೂರು ಬೆರಳಗಲ ಕೂದಲು ಹಿಡಿದು ಮೂರು ಎಳೆ ಮಾಡಿ. ಒಂದು ಸುತ್ತು ಹೆಣೆದ ಮೇಲೆ, ಪಕ್ಕದ ಎಳೆ ನಡುವಿಗೆ ಬರುವ ಪ್ರತಿ ಸಲವೂ ಒಂದು ಬೆರಳಗಲದ ಹೊಸ ಕೂದಲನ್ನು ಅದಕ್ಕೆ ಸೇರಿಸಿ. ಹೆಣೆಯುವವರ ಗೆಣ್ಣು ಮಗುವಿನ ತಲೆಗೆ ತಾಗುತ್ತಲೇ ಇರಬೇಕು. ಕೈ ತಲೆಯಿಂದ ಮೇಲೆದ್ದರೆ ಹೆಣಿಗೆ ಸಡಿಲವಾಗಿ ಉಬ್ಬುತ್ತದೆ. ಎಷ್ಟು ಬಿಗಿಯಾಗಿ ಎಳೆದರೂ ಅದು ಆಮೇಲೆ ಸರಿಹೋಗುವುದಿಲ್ಲ.

ಕತ್ತಿನ ಹತ್ತಿರ ಬಂದಾಗ ಹೆಚ್ಚಿನವರು ಮಗುವಿಗೆ ತಲೆ ತಗ್ಗಿಸು ಅನ್ನುತ್ತಾರೆ. ಹಾಗೆ ಮಾಡಿದರೆ ತಲೆ ಎತ್ತಿದ ಕೂಡಲೇ ಹಿಂದಲೆಯ ಕೂದಲು ಜೋಲುತ್ತದೆ. ಹಿಂದಕ್ಕೆ ಬಾಗಿಸಿ ಹೆಣೆದರೆ ಉಲ್ಟಾ, ಲಾಗ ಹಾಕಲು ಗಲ್ಲ ಎದೆಗೆ ಒತ್ತಿದಾಗ ಕಿತ್ತುಬರುವಂತೆ ಎಳೆಯುತ್ತದೆ. ತಲೆ ನೇರವಾಗಿರಲಿ. ಮುಗಿದ ಮೇಲೆ ಗಲ್ಲವನ್ನು ಎದೆಗೆ ತಾಗಿಸಲು ಹೇಳಿ. ಹುಬ್ಬು ಗಂಟಿಕ್ಕಿದರೆ ಕೊನೆಯ ಮೂರು ಹೆಣಿಗೆ ಬಿಚ್ಚಿ ಮತ್ತೆ ಹಾಕಿ.

ಉಳಿಯುವುದು ಬಾಲ. ಸೊಂಟದುದ್ದದ ಬಾಲವನ್ನು ಒಂದೇ ಕಡೆ ಸುತ್ತಿದರೆ ಹಿಂದಲೆಯಲ್ಲಿ ನಿಂಬೆಹಣ್ಣಿನಷ್ಟು ಗಂಟಾಗುತ್ತದೆ. ಎಡಜಡೆಯ ಬಾಲವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ದಾಟಿಸಿ, ಎದುರಿನ ಜಡೆಯ ಒಳಬದಿಗೆ ಒತ್ತಿ ಮಲಗಿಸಿ, ಎರಡು ಬೆರಳಿಗೊಂದರಂತೆ ಪಿನ್ ಹಾಕುತ್ತಾ ಮೇಲಕ್ಕೆ ಒಯ್ಯಿರಿ. ತುದಿಯನ್ನು ಜಡೆಯಡಿ ತೂರಿಸಿ. ಆಮೇಲೆ ನೆಲದ ಮೇಲೆ ಅಂಗಾತ ಮಲಗಿಸಿ ನೋಡಿ. ತಲೆ ಚಪ್ಪಟೆಯಾಗಿ ಕೂರಬೇಕು. ಗಲ್ಲ ಎದೆಯ ಕಡೆಗೆ ತಳ್ಳಿಕೊಂಡಿದ್ದರೆ ಹಿಂದೆ ಗಂಟು ಹೆಚ್ಚಾಗಿದೆ ಎಂದರ್ಥ.

ಇದನ್ನು ಸ್ಪರ್ಧೆಯ ದಿನ ಮೊದಲ ಸಲ ಮಾಡಬೇಡಿ. ಒಂದು ವಾರ ಮೊದಲು ಹೆಣೆದು ಅಭ್ಯಾಸಕ್ಕೆ ಕಳಿಸಿ. ಮುಂದಕ್ಕೊಂದು ಲಾಗ, ಹಿಂದಕ್ಕೊಂದು, ಕೈ ಮೇಲೆ ನಿಲ್ಲುವುದು, ಹತ್ತು ನೆಗೆತ. ಇಷ್ಟಕ್ಕೆ ಏನು ಸಡಿಲವಾಗುತ್ತದೋ ಸ್ಪರ್ಧೆಯಲ್ಲಿ ಸಡಿಲವಾಗುವುದೂ ಅದೇ.

ಬೇರೆ ಊರಿನಲ್ಲಿ ಸ್ಪರ್ಧೆ, ರಾತ್ರಿ ಬಸ್ಸು. ಮಗಳ ಜೊತೆಗೆ ಹೋಗುವವನು ನಾನೊಬ್ಬನೇ, ನನಗೆ ಜಡೆ ಹಾಕಲು ಬರುವುದಿಲ್ಲ.
— ತಂದೆಯೊಬ್ಬರು, ಶಿವಮೊಗ್ಗ

ಬಸ್ಸು ಹತ್ತುವ ಮುಂಚೆ ಮನೆಯಲ್ಲೇ ಫ್ರೆಂಚ್ ಜಡೆ ಹೆಣೆಸಿಬಿಡಿ. ಬಾಲಗಳು ಇಳಿಬಿದ್ದಿರಲಿ, ಪಿನ್ ಬೇಡ, ಪಿನ್ ಚುಚ್ಚಿಕೊಂಡು ಯಾರಿಗೂ ನಿದ್ದೆ ಬರುವುದಿಲ್ಲ. ತಲೆಗೊಂದು ತೆಳು ಹತ್ತಿ ಬಟ್ಟೆ ಅಥವಾ ನುಣುಪಾದ ದುಪಟ್ಟಾ ಕಟ್ಟಿ ಮಲಗಿಸಿ, ಸೀಟಿಗೆ ಉಜ್ಜಿ ಕೂದಲು ಏಳುವುದಿಲ್ಲ. ಬೆಳಿಗ್ಗೆ ಅಂಗೈಗೆ ಒಂದು ರೂಪಾಯಿ ನಾಣ್ಯದಷ್ಟು ಜೆಲ್ ಹಾಕಿಕೊಂಡು ಹಣೆಯಂಚು ಸವರಿ, ಬಾಲಗಳನ್ನು ಮೇಲೆ ಹೇಳಿದಂತೆ ಪಿನ್ ಮಾಡಿ. ಹತ್ತು ನಿಮಿಷದ ಕೆಲಸ. ಜೆಲ್ ಸವರಿದ ಕೈಯನ್ನು ಸೋಪು ಹಾಕಿ ತೊಳೆದುಕೊಂಡೇ ಅವಳ ಗ್ರಿಪ್, ಅಂದರೆ ಬಾರ್ ಎನ್ನುವ ಅಡ್ಡಸರಳು ಹಿಡಿಯಲು ಅಂಗೈಗೆ ಹಾಕುವ ಪಟ್ಟಿ ಮುಟ್ಟಿ.

ಇನ್ನೊಂದು ಸಂಗತಿ, ಅವಳಿಗೆ ತಲೆಯ ಮೇಲಿಂದ ಹಾಕುವ ಟೀ ಶರ್ಟ್ ಕೊಡಬೇಡಿ. ಜಿಪ್ ಇರುವ ಜಾಕೆಟ್ ಅಥವಾ ಗುಂಡಿಯ ಅಂಗಿ ಇರಲಿ. ಅರ್ಧ ಗಂಟೆ ಬಾಚಿದ್ದು ಒಂದು ಟೀ ಶರ್ಟ್ ಎಳೆದಾಗ ಹೋಗಿಬಿಡುತ್ತದೆ.

ದೊಡ್ಡವಳದು ಚೆಂಡು, ಹೂಪ್ ಹಿಡಿದು ಮಾಡುವ ರಿದಮಿಕ್ ಜಿಮ್ನಾಸ್ಟಿಕ್ಸ್, ಚಿಕ್ಕವಳದು ಬೀಮ್, ಬಾರ್ ಮೇಲೆ ಮಾಡುವ ಆರ್ಟಿಸ್ಟಿಕ್. ದೊಡ್ಡವಳಿಗೆ ನೆತ್ತಿಯ ಮೇಲೆ ತುರುಬು ಕಟ್ಟಿ ಅನ್ನುತ್ತಾರೆ, ಚಿಕ್ಕವಳ ಕೋಚ್ ತುರುಬೇ ಬೇಡ ಅನ್ನುತ್ತಾರೆ. ಯಾಕೆ ಹೀಗೆ?
— ಓದುಗರೊಬ್ಬರು, ಬೆಂಗಳೂರು

ಇಬ್ಬರು ಕೋಚ್‌ಗಳು ಹೇಳಿದ್ದೂ ಸರಿ. ತಲೆಯ ಯಾವ ಭಾಗ ನೆಲಕ್ಕೋ ಉಪಕರಣಕ್ಕೋ ತಾಗುತ್ತದೆ ಎಂದು ನೋಡಿ, ಅಲ್ಲಿ ಗಂಟು ಇರದ ಹಾಗೆ ಕಟ್ಟಬೇಕು. ಅಷ್ಟೇ ಲೆಕ್ಕ.

ರಿದಮಿಕ್‌ನಲ್ಲಿ 18–20 ಸೆಂಟಿಮೀಟರ್ ವ್ಯಾಸದ ಚೆಂಡು ಕತ್ತು, ಭುಜಗಳ ಮೇಲೆ ಉರುಳುತ್ತದೆ, ಬಳೆಯಂಥ ಹೂಪ್ ಕತ್ತು ಸುತ್ತುತ್ತದೆ, ಹಿಂದಕ್ಕೆ ಬಾಗಿದಾಗ ಕಾಲು ತಲೆಗೆ ತಾಗುತ್ತದೆ. ಕತ್ತಿನ ಹತ್ತಿರದ ತುರುಬು ಇದಕ್ಕೆಲ್ಲ ಅಡ್ಡ. ಅದಕ್ಕೇ ಮೇಲೆ. ಸರಿಯಾದ ಜಾಗ ತಿಳಿಯಲು ಗದ್ದದಿಂದ ಕಿವಿಯ ಮೇಲಂಚಿನ ಮೂಲಕ ಓರೆಯಾಗಿ ಬೆರಳು ಎಳೆಯಿರಿ. ಆ ಗೆರೆ ನೆತ್ತಿಯ ಹಿಂದೆ ಎಲ್ಲಿ ತಲುಪುತ್ತದೋ ಅಲ್ಲೇ ಕಟ್ಟಿ. ಆರ್ಟಿಸ್ಟಿಕ್ ಆರಂಭದ ಹಂತದ ಮಕ್ಕಳು ಬೀಮ್ ಮೇಲೂ ನೆಲದ ಮೇಲೂ ಉರುಳುತ್ತಲೇ ಇರುತ್ತಾರೆ. ಹಿಂದಲೆಯ ಉಬ್ಬಿನ ಮೇಲೆ ತುರುಬಿದ್ದರೆ ಹಿಂದಿನ ಲಾಗದಲ್ಲಿ ಇಡೀ ಮೈಭಾರ ಪಿನ್ನುಗಳ ಮೇಲೆ. ನೆತ್ತಿಯ ಮುಂಭಾಗದಲ್ಲಿದ್ದರೆ ತಲೆ ಊರಿ ನಿಲ್ಲುವಾಗ ತುರುಬಿನ ಮೇಲೆಯೇ ತೂಗಾಡಬೇಕು.

ತುರುಬು ಹೇಗಿರಬೇಕೆಂದರೆ ಚಕ್ಕುಲಿಯ ಹಾಗೆ, ಲಾಡಿನ ಹಾಗಲ್ಲ. ಲೋಹದ ಜೋಡಣೆ ಇಲ್ಲದ ಬಟ್ಟೆಯ ಎಲಾಸ್ಟಿಕ್‌ನಿಂದ ಜುಟ್ಟು ಬಿಗಿದು, ಜುಟ್ಟನ್ನು ಎರಡು ಪಾಲು ಮಾಡಿ. ಒಂದನ್ನು ಹೊಸೆದು ಬುಡದ ಸುತ್ತ ತಲೆಗೆ ಅಂಟಿದಂತೆ ಸುತ್ತಿ, ಎರಡನೆಯದನ್ನು ಎದುರು ದಿಕ್ಕಿನಲ್ಲಿ ಅದರ ಹೊರಗೆ ಸುತ್ತಿ. ಮೇಲೆ ಕೂದಲಿನ ಬಣ್ಣದ ಬಲೆ. ಆಮೇಲೆ ಯು ಪಿನ್, ದಟ್ಟ ಕೂದಲಿಗೆ 8ರಿಂದ 10. ಹೆಚ್ಚಿನವರು ಎಡವುವುದು ಇಲ್ಲೇ. ಪಿನ್ನನ್ನು ನೇರವಾಗಿ ಒಳಗೆ ಚುಚ್ಚಿದರೆ ಅದು ತುರುಬನ್ನು ಮಾತ್ರ ಹಿಡಿಯುತ್ತದೆ, ತಲೆಯನ್ನಲ್ಲ, ನಾಲ್ಕು ನೆಗೆತಕ್ಕೆ ತುರುಬು ಕುಲುಕಾಡುತ್ತದೆ. ಮೊದಲು ತುದಿ ಹೊರಮುಖವಾಗಿರುವಂತೆ ತುರುಬಿನ ಅಂಚಿನ ಸ್ವಲ್ಪ ಕೂದಲು ಹಿಡಿಯಿರಿ. ಆಮೇಲೆ ಪಿನ್ನನ್ನು ಮಗುಚಿ, ತಲೆಯ ಚರ್ಮಕ್ಕೆ ಸಮವಾಗಿ ನಡುವಿನ ಕಡೆಗೆ ದೂಡಿ. ಸರಿ ಕೂತ ಪಿನ್ ನೋಯುವುದಿಲ್ಲ. ನೋಯುತ್ತದೆ ಅಂದರೆ ತೆಗೆದು ಮತ್ತೆ ಹಾಕಿ, "ಸ್ವಲ್ಪ ತಡ್ಕೊ" ಅನ್ನಬೇಡಿ. ಚಪ್ಪಟೆ ಕಪ್ಪು ಪಿನ್ನಿನಲ್ಲಿ ಅಲೆಯಲೆಯಾದ ಬದಿ ತಲೆಯ ಕಡೆಗಿರಬೇಕು. ತುದಿಯ ಪ್ಲಾಸ್ಟಿಕ್ ಗುಂಡು ಉದುರಿದವನ್ನು ಎಸೆದುಬಿಡಿ.

ತುರುಬು ದಪ್ಪ ಕಾಣಲು ಒಳಗಿಡುವ ಸ್ಪಂಜಿನ ಉಂಗುರ ಕೂದಲು ತೆಳುವಾದ ರಿದಮಿಕ್ ಹುಡುಗಿಗಾದರೆ ನಡೆದೀತು, ಅದೂ ಚಿಕ್ಕದು. ಚಿಕ್ಕವಳಿಗೆ ಬೇಡವೇ ಬೇಡ.

ಅಜ್ಜಿ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚದೆ ಮೊಮ್ಮಗಳನ್ನು ಹೊರಗೆ ಬಿಡುವುದಿಲ್ಲ. ಎಣ್ಣೆ ಹಾಕಿದರೆ ಕೂದಲು ಕೂರುತ್ತದಲ್ಲ, ತಪ್ಪೇನು?
— ಓದುಗರೊಬ್ಬರು, ಉಡುಪಿ

ಕೂದಲು ಕೂರುತ್ತದೆ, ಕೈ ಜಾರುತ್ತದೆ. ಮಕ್ಕಳು ಸರದಿ ಕಾಯುವಾಗ ಮುಂಗೂದಲು ಮುಟ್ಟಿಕೊಳ್ಳುತ್ತಲೇ ಇರುತ್ತಾರೆ. ಅದೇ ಕೈ ಮುಂದೆ ಬಾರ್ ಹಿಡಿಯಬೇಕು. ಬಾರ್‌ಗೆ ಹೋಗುವ ಮುಂಚೆ ಹಚ್ಚುವ ಚಾಕ್, ಅಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಬೆವರನ್ನು ಹೀರುತ್ತದೆ. ಎಣ್ಣೆಯ ಜೊತೆ ಸೇರಿದರೆ ಮುದ್ದೆಯಾಗುತ್ತದೆ. ಬೀಮ್, ಮ್ಯಾಟ್ ಮೇಲೆ ಉಳಿದ ಎಣ್ಣೆ ಮುಂದಿನ ಹುಡುಗಿಗೂ ಅಪಾಯ. ಅಜ್ಜಿಗೆ ಬೇಸರ ಬೇಡ, ಎರಡು ದಿನ ಮೊದಲು ರಾತ್ರಿ ಧಾರಾಳವಾಗಿ ಹಚ್ಚಲಿ. ಮರುದಿನ ಶಾಂಪೂ ಹಾಕಿ ತೊಳೆದರಾಯಿತು.

ಹೇರ್ ಸ್ಪ್ರೇಗೂ ಇದೇ ಎಚ್ಚರ. 25–30 ಸೆಂಟಿಮೀಟರ್ ದೂರದಿಂದ, ಕಣ್ಣಿಗೆ ಅಂಗೈ ಅಡ್ಡ ಹಿಡಿದು, ಹೆಗಲಿಗೆ ಟವೆಲ್ ಹೊದಿಸಿ. ಟೈಲ್ಸ್ ನೆಲದ ಮೇಲೆ ಬಿದ್ದ ಸ್ಪ್ರೇ ಜಾರುತ್ತದೆ. ಅದು ಹೊತ್ತಿಕೊಳ್ಳುವ ವಸ್ತು, ದೇವರ ದೀಪದ ಮುಂದೆಯೋ ಅಡುಗೆಮನೆಯಲ್ಲೋ ನಿಂತು ಹೊಡೆಯಬೇಡಿ.

ಒಂದು ಮೊಳ ಮಲ್ಲಿಗೆ ಮುಡಿಸಬಹುದೇ? ಮಿನುಗುವ ಪುಡಿ?
— ಓದುಗರೊಬ್ಬರು, ಮೈಸೂರು

ಬಹುಮಾನ ತೆಗೆದುಕೊಂಡ ಮೇಲೆ ಮುಡಿಸಿ. ಉದುರಿದ ಹೂವಿನ ಮೇಲೆ ಬರಿಗಾಲು ಜಾರುತ್ತದೆ, ಮಿನುಗು ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತದೆ. ಅಂತರರಾಷ್ಟ್ರೀಯ ನಿಯಮಗಳಲ್ಲಿ ಬಳೆ, ಸರಗಳಿಗೂ ಜಾಗವಿಲ್ಲ. ಕಿವಿಯಲ್ಲಿ ಪುಟ್ಟ ಓಲೆ ಇರಬಹುದು, ಜುಮುಕಿ ಅಲ್ಲ. ಶಾಲಾ ಮಟ್ಟದ ಸ್ಪರ್ಧೆಯಾದರೆ ಆಯೋಜಕರ ಸುತ್ತೋಲೆ ಓದಿಕೊಳ್ಳಿ.

ಮಗಳ ಕೂದಲು ಗುಂಗುರು. ಎಷ್ಟು ಬಾಚಿದರೂ ಹಣೆಯ ಸುತ್ತ ಎದ್ದು ನಿಲ್ಲುತ್ತದೆ, ಹಾಗಾಗಿ ಬಿಗಿಯಾಗಿ ಎಳೆದು ಕಟ್ಟುತ್ತೇನೆ. ಈಚೆಗೆ ತಲೆನೋವು ಅನ್ನುತ್ತಾಳೆ, ಕಿವಿಯ ಮೇಲ್ಗಡೆ ಕೂದಲು ತೆಳುವಾದಂತಿದೆ.
— ಓದುಗರೊಬ್ಬರು, ಕಲಬುರಗಿ

ಇವತ್ತಿನಿಂದಲೇ ಬಿಗಿ ಕಟ್ಟುವುದನ್ನು ನಿಲ್ಲಿಸಿ. ಬುಡ ದಿನವೂ ಜಗ್ಗಿದರೆ ಮೊದಲು ಹಣೆಯಂಚಿನಲ್ಲಿ ಕೆಂಪು, ಸಣ್ಣ ಗುಳ್ಳೆ, ತುಂಡಾದ ಮೋಟು ಕೂದಲು ಕಾಣಿಸುತ್ತವೆ, ಆಮೇಲೆ ಕೂದಲು ತೆಳುವಾಗುತ್ತದೆ. ಈ ಹಂತದಲ್ಲಿ ಎಳೆತ ನಿಂತರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಕೂದಲಿನ ಬುಡವೇ ಸತ್ತು ಅಲ್ಲಿ ಶಾಶ್ವತವಾಗಿ ಬೋಳಾಗುತ್ತದೆ. ಒಮ್ಮೆ ಚರ್ಮರೋಗ ವೈದ್ಯರಿಗೆ ತೋರಿಸಿ. ಅಭ್ಯಾಸದ ದಿನಗಳಲ್ಲಿ ಸಡಿಲ ಜಡೆ ಸಾಕು, ಬೈತಲೆಯನ್ನೂ ಕಟ್ಟುವ ಜಾಗವನ್ನೂ ಬದಲಿಸುತ್ತಿರಿ. ಮನೆಗೆ ಬಂದ ಕೂಡಲೇ ಬಿಚ್ಚಿ. ಹಣದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡನ್ನು ತಲೆಯ ಹತ್ತಿರ ತರಬೇಡಿ, ಅದು ಕೂದಲನ್ನು ಕಚ್ಚಿ ಕತ್ತರಿಸುತ್ತದೆ.

ಗುಂಗುರು ಕೂದಲು ಬಿಗಿಗೆ ಬಗ್ಗುವುದಿಲ್ಲ, ತೇವಕ್ಕೆ ಬಗ್ಗುತ್ತದೆ. ಒಣಗಿದ್ದಾಗ ಬಾಚಬೇಡಿ. ನೀರಿಗೆ ಸ್ವಲ್ಪ ಕಂಡಿಷನರ್ ಬೆರೆಸಿ ಸಿಂಪಡಿಸಿ ಬೆರಳಿಂದ ಸಿಕ್ಕು ಬಿಡಿಸಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ಹಣೆಯಂಚಿಗೆ ಜೆಲ್ ಸವರಿ, ಹತ್ತಿ ಬಟ್ಟೆಯ ಪಟ್ಟಿಯನ್ನು ಹಣೆಯ ಸುತ್ತ ಹತ್ತು ನಿಮಿಷ ಕಟ್ಟಿಡಿ. ಬಿಚ್ಚಿದಾಗ ಕೂದಲು ಅಲ್ಲೇ ಒಣಗಿ ಕೂತಿರುತ್ತದೆ.

7 ವರ್ಷದ ಮಗನಿಗೆ ತಿರುಪತಿ ಹರಕೆ ಇದೆ, ಮುಡಿ ಕೊಡುವವರೆಗೆ ಕೂದಲು ಕತ್ತರಿಸುವಂತಿಲ್ಲ. ಜುಟ್ಟು ಕಟ್ಟಿದರೆ ಹುಡುಗರು ಆಡಿಕೊಳ್ಳುತ್ತಾರೆ.
— ಓದುಗರೊಬ್ಬರು, ತುಮಕೂರು

ಹುಡುಗನಾದರೂ ಮೇಲೆ ಹೇಳಿದ ಲೆಕ್ಕವೇ. ಭುಜಕ್ಕಿಂತ ಮೇಲಿನ ಕೂದಲಾದರೆ ಹಣೆಯಿಂದ ಹಿಂದಕ್ಕೆ ತಲೆಗೆ ಅಂಟಿದಂತೆ ನಾಲ್ಕು ಸಣ್ಣ ಜಡೆ ಸಾಲಾಗಿ ಹೆಣೆದು ಹಿಂದೆ ಸೇರಿಸಿ ಕಟ್ಟಿ. ಎಷ್ಟೋ ಫುಟ್‌ಬಾಲ್ ಆಟಗಾರರ ತಲೆ ಹೀಗೇ ಇರುತ್ತದೆ, ಆಡಿಕೊಳ್ಳುವವರಿಗೆ ಅದನ್ನು ತೋರಿಸಿ. ಪುಟ್ಟ ಎಲಾಸ್ಟಿಕ್‌ಗಳನ್ನು ಎಳೆದು ತೆಗೆಯಬೇಡಿ, ಕತ್ತರಿಯ ತುದಿ ಹೊರಗಿರುವಂತೆ ಹಿಡಿದು ಕತ್ತರಿಸಿ.

ಪ್ರದರ್ಶನದ ನಡುವೆ ಜಡೆ ಬಿಚ್ಚಿಕೊಂಡರೆ ಏನು ಮಾಡಲು ಹೇಳಿಕೊಡಬೇಕು?
— ಓದುಗರೊಬ್ಬರು, ಧಾರವಾಡ

ಮುಂದುವರಿಸಲು. ಫ್ಲೋರ್‌ನಲ್ಲಿ, ಅಂದರೆ ನೆಲದ ಮೇಲಿನ ಪ್ರದರ್ಶನದಲ್ಲಿ, ಸಂಗೀತ ಕಾಯುವುದಿಲ್ಲ. ಬೀಮ್‌ನಿಂದ ಬಿದ್ದರೆ ಮತ್ತೆ ಹತ್ತಲು ಇರುವುದು 10 ಸೆಕೆಂಡ್, ಕೂದಲನ್ನು ಒಮ್ಮೆ ಕಿವಿಯ ಹಿಂದೆ ಸರಿಸಿಕೊಳ್ಳುವಷ್ಟೇ. ಬಾರ್‌ನಲ್ಲಿ 30 ಸೆಕೆಂಡ್ ಸಿಗುತ್ತದೆ, ಆದರೆ ಅದು ಕೈಗೆ ಚಾಕ್ ಹಚ್ಚಿ ಉಸಿರು ಸರಿಮಾಡಿಕೊಳ್ಳಲು. ಕಣ್ಣಿಗೆ ಅಡ್ಡ ಬಂದು ಏನೂ ಕಾಣುತ್ತಿಲ್ಲ ಅಂದಾಗ ಮಾತ್ರ ನಿಲ್ಲಲಿ. ನೋಡದೆ ಲಾಗ ಹಾಕುವುದಕ್ಕಿಂತ ಅಂಕ ಹೋಗುವುದು ವಾಸಿ. ಮುಗಿಸಿ ಬಂದ ಮೇಲೆ ಪಿನ್ ಎಣಿಸಿ. ಬೆಳಿಗ್ಗೆ ಹಾಕಿದ್ದು 14, ಈಗ ತಲೆಯಲ್ಲಿರುವುದು 12 ಆದರೆ ಎರಡು ಮ್ಯಾಟ್ ಮೇಲಿವೆ. ಮುಂದಿನ ಹುಡುಗಿ ಬರಿಗಾಲಲ್ಲಿ ಓಡಿಬರುವ ಮುಂಚೆ ಕೋಚ್‌ಗೆ ಹೇಳಿ ಹುಡುಕಿಸಿ.