ಪ್ರತಿ: ಆಗಿನ ಡಾಕ್ಟರುಗಳಿಗೆ ಎಕ್ಸ್-ರೇ ಅಪಾಯ ಯಾಕೆ ಗೊತ್ತಾಗಲಿಲ್ಲ?

ಎಕ್ಸ್-ರೇ ಹೊಸದಾಗಿ ಬಂದ ಕಾಲದಲ್ಲಿ, ಅಂದರೆ 1896ರ ಆಸುಪಾಸಿನಲ್ಲಿ, ಅದರಿಂದ ಕೈ ಸುಡುತ್ತಿದ್ದರೂ ಡಾಕ್ಟರುಗಳು ಯಾಕೆ ನಿಲ್ಲಿಸಲಿಲ್ಲ ಅಂತ ಕೇಳಿದ್ದೀರಿ. ಸುಡುತ್ತಿರುವುದು ಗೊತ್ತೇ ಆಗುತ್ತಿರಲಿಲ್ಲ, ಅದೇ ತೊಂದರೆ. ಕಿರಣ ಬಿದ್ದಾಗ ನೋವಿಲ್ಲ, ಬಿಸಿಯಿಲ್ಲ. ಚರ್ಮ ಕೆಂಪಾಗುವುದು ಎಷ್ಟೋ ದಿನ, ಕೆಲವೊಮ್ಮೆ ವಾರಗಳಾದ ಮೇಲೆ. ಅಷ್ಟರಲ್ಲಿ ಬೇರೆ ಏನನ್ನಾದರೂ ದೂರಬಹುದು, ಅಲ್ವಾ?

ಜೊತೆಗೆ ಕಿರಣ ಹೊರಡಿಸುವ ಆಗಿನ ಗಾಜಿನ ಟ್ಯೂಬುಗಳು ಇವತ್ತು ಇದ್ದ ಹಾಗೆ ನಾಳೆ ಇರುತ್ತಿರಲಿಲ್ಲ. ಒಳಗೆ ಉಳಿದ ಚೂರು ಗಾಳಿ ಕಡಿಮೆಯಾದಂತೆ ಕಿರಣದ ಬಿರುಸು ಜಾಸ್ತಿಯಾಗುತ್ತಿತ್ತು. ಅಳೆಯಲು ಮೀಟರ್ ಇಲ್ಲ. ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುತ್ತೇವಲ್ಲ, ಹಾಗೆ ಇವರು ತಮ್ಮ ಕೈಯನ್ನೇ ಅಡ್ಡ ಹಿಡಿದು, ಮೂಳೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನೋಡುತ್ತಿದ್ದರು. ಮತ್ತೆ ಮತ್ತೆ, ದಿನವೂ.

ಎಡಿಸನ್ ಹತ್ತಿರ ಕ್ಲಾರೆನ್ಸ್ ಡ್ಯಾಲಿ ಅಂತ ಗಾಜು ಊದುವವನಿದ್ದ. ಹೀಗೇ ಮಾಡಿ ಮಾಡಿ ಕೊನೆಗೆ ಎರಡೂ ತೋಳು ಕಳೆದುಕೊಂಡ. 1904ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ 40 ಕೂಡ ತುಂಬಿರಲಿಲ್ಲ. ಎಡಿಸನ್ ಎಕ್ಸ್-ರೇ ಸಹವಾಸವೇ ಬೇಡ ಅಂದುಬಿಟ್ಟ.

ಹಾಗಂತ ಯಾರಿಗೂ ಗೊತ್ತಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 1896ರಲ್ಲೇ ಅಮೆರಿಕದ ಎಂಜಿನಿಯರ್ ಎಲಿಹು ಥಾಮ್ಸನ್ ಬೇಕಂತಲೇ ತನ್ನ ಕಿರುಬೆರಳನ್ನು ಕಿರಣಕ್ಕೆ ಒಡ್ಡಿದ್ದ. ಬೆರಳು ಊದಿ ಬೊಬ್ಬೆ ಎದ್ದದ್ದನ್ನು ಬರೆದು ಎಚ್ಚರಿಸಿಯೂ ಇದ್ದ. ಹೊಸ ಯಂತ್ರದ ಹುಚ್ಚಿನಲ್ಲಿ ಸುಮಾರು ಜನ ಕಿವಿಗೆ ಹಾಕಿಕೊಳ್ಳಲಿಲ್ಲ.